ಬಣ್ಣದ ತೊಟ್ಟಿಗೆ ಇಳಿದ ಹಕ್ಕಿ

ಅಮಿತ ಬಾಗಿಲು ಬಡಿದಾಗ ಬೆಳಗಿನ ಆರೂವರೆ. ಲೈನ್ ರಿಪೇರಿಯೆಂದು ಸಂಜೆಯವರೆಗೆ ಕರೆಂಟು ತೆಗೆದಿದ್ದರು. ಬನಹಟ್ಟಿಯ ಆ ಓಣಿಯಲ್ಲಿ ಒಂದು ಮಗ್ಗವೂ ಸದ್ದು ಮಾಡುತ್ತಿರಲಿಲ್ಲ. ನೇತ್ರಾ ಬಾಗಿಲು ತೆರೆದಳು. ಅವನು ಹೊಸ ಸೀರೆಯೊಂದನ್ನು ಅವಳ ಎರಡೂ ಕೈಗಳಲ್ಲಿ ಇಟ್ಟುಬಿಟ್ಟ.

ಅವನು ನೂಲಿಗೆ ಬಣ್ಣ ಹಾಕುವವನು. ಅವನ ಶೆಡ್ಡು ಎರಡು ಓಣಿ ಆಚೆ. ಅವಳು ಗಂಡ ಸತ್ತು ಎರಡು ವರ್ಷವಾದರೂ ಅತ್ತೆಯ ಜೊತೆಗೇ ಉಳಿದವಳು. ಅಂಥವಳ ಕೈಗೆ ಹೊರಗಿನ ಗಂಡಸು ಹೊಸ ಸೀರೆ ಕೊಟ್ಟರೆ ಆ ಮಂದಿಯಲ್ಲಿ ಅದಕ್ಕೆ ಒಂದೇ ಅರ್ಥ. ಉಡಿಕೆ. ಮಂಟಪವಿಲ್ಲದ, ವಾಲಗವಿಲ್ಲದ ಎರಡನೆಯ ಮದುವೆ.

ಹಿಂದಿನಿಂದ ಬಂದ ಅತ್ತೆ ಲಕ್ಷ್ಮವ್ವ ಹೊಸ್ತಿಲಲ್ಲೇ ನಿಂತಳು.

“ಎಪ್ಪಾ, ಸೀರಿ ಕೊಡೋರು ಹಿರ್ಯಾರನ್ನ ಕರ್ಕೊಂಡ ಬರ್ತಾರ. ಹಲ್ಲುಜ್ಜೂ ಹೊತ್ತಿನ್ಯಾಗ ಒಬ್ಬನ ಬಂದೀಯಲ್ಲೋ?”

“ಅಯ್ಯ ಕಾಕು, ಒಳಗ ಹಕ್ಕಿ ಐತ್ರಿ!”

ಸೀರೆ ಅಲುಗಿತು. ಮಡಿಕೆಯೊಳಗಿಂದ ಕಪ್ಪು ತಲೆಯೊಂದು ಹೊರಬಂದು ವಾಲಿತು.

“ಹಕ್ಕಿ ಸುತ್ತಿ ಸೀರಿ ಕೊಡೂದು ಇದ ಮೊದಲ ನೋಡಿದ್ನಿ,” ಎಂದಳು ಲಕ್ಷ್ಮವ್ವ. ಎದುರು ಮನೆಯ ಸಾವಕ್ಕ ಕಸಬರಿಗೆ ನಿಲ್ಲಿಸಿ ನೋಡುತ್ತಿದ್ದಳು.

ಅಮಿತನ ಶೆಡ್ಡಿನ ಬಣ್ಣದ ನೀರಿನ ತೊಟ್ಟಿ ತೆರೆದೇ ಇತ್ತಂತೆ. ಕಪ್ಪಗೆ ಹೊಳೆಯುವ ನೀರನ್ನು ಕೆರೆ ಎಂದು ತಿಳಿದು ಹಕ್ಕಿ ಇಳಿದಿರಬೇಕು. ಮೈಯೆಲ್ಲ ಕಪ್ಪು, ರೆಕ್ಕೆ ಅಂಟಿಕೊಂಡಿವೆ, ನಡುಕ. ಸೀರೆಯ ಮೂಲಕವೇ ಅದರ ಎದೆಬಡಿತ ನೇತ್ರಾಳ ಅಂಗೈಗೆ ತಾಗುತ್ತಿತ್ತು. ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮಾಡಿದವಳು ಅವಳು. ಪುಸ್ತಕಗಳು ಅಟ್ಟದ ಮೇಲಿದ್ದವು. ಎರಡು ವರ್ಷದಲ್ಲಿ ಅವಳು ಒಮ್ಮೆಯೂ ಅತ್ತಿರಲಿಲ್ಲ, ಏನನ್ನೂ ಬೇಡಿರಲಿಲ್ಲ.

ಇದೊಂದು ಬದುಕಲಿ, ಅಂದುಕೊಂಡಳು. ಅಂದುಕೊಂಡದ್ದಕ್ಕೆ ತಾನೇ ಹೆದರಿದಳು.

ಹಿತ್ತಲಲ್ಲಿ ಕೂತರು.

“ನೀರಕಾಗಿ ಅದು,” ಎಂದಳು ಲಕ್ಷ್ಮವ್ವ.

“ಬಾತುಕೋಳಿ. ಸಾರಿಗಿ ಛಲೋ ಆಗತೈತಿ,” ಎಂದಳು, ಕರೆಯದೆ ಬಂದಿದ್ದ ಸಾವಕ್ಕ.

ಯಾವುದು ಎಂದು ತಿಳಿಯದೆ ಏನು ತಿನ್ನಿಸುವುದು? ನೀರುಕಾಗೆಯಾದರೆ ಮೀನು ಬೇಕು. ನೇತ್ರಾ ಮೆಲ್ಲಗೆ ಕೊಕ್ಕು ಬಿಡಿಸಿದಳು. ಅಂಚಿನುದ್ದಕ್ಕೂ ಬಾಚಣಿಗೆಯ ಹಲ್ಲಿನಂಥ ಸಣ್ಣ ಸಾಲು.

“ನೀರಕಾಗಿ ಅಲ್ರಿ ಅತ್ತಿ. ಬಾತಿನ ಜಾತಿ. ಸಾಕಿದ್ದೋ ಕಾಡಿಂದೋ, ಬಣ್ಣ ಹೋದ ಮ್ಯಾಲ ಗೊತ್ತಾಗತೈತಿ.”

“ವಾಷಿಂಗ್ ಸೋಡಾ ತರ್ಲ್ಯಾ?” ಅಮಿತ ಎದ್ದ.

“ಇದು ನೂಲಲ್ರಿ. ಉಗುರು ಬೆಚ್ಚನ ನೀರು, ಸಣ್ಣ ಮಕ್ಕಳ ಶಾಂಪೂ. ಮತ್ತ ಇದಕ್ಕ ಶಾಖ ಬೇಕು. ಬಲ್ಬ್ ಹಚ್ಚೂಣಂದ್ರ ಕರೆಂಟಿಲ್ಲ.”

“ನಮ್ಮ ಬಣ್ಣದ ಒಲಿ ಉರ್ಯಾಕತ್ತೈತ್ರಿ. ಇಟ್ಟಂಗಿ ಕಾಸಿ ತರ್ತೇನಿ.”

ಓಡಿದ. ಬಟ್ಟೆಯಲ್ಲಿ ಸುತ್ತಿದ ಬಿಸಿ ಇಟ್ಟಿಗೆ ತಂದ. ನೇತ್ರಾ ಹಕ್ಕಿಯನ್ನು ರಟ್ಟಿನ ಡಬ್ಬಿಯಲ್ಲಿಟ್ಟು ಪಕ್ಕದಲ್ಲಿ ಇಟ್ಟಿಗೆ ಇಟ್ಟಳು. ಆರುವಷ್ಟರಲ್ಲಿ ಇನ್ನೊಂದು. ಎರಡು ಓಣಿ ಹೋಗುವುದು, ಎರಡು ಓಣಿ ಬರುವುದು. ಹತ್ತು ಗಂಟೆಯ ಹೊತ್ತಿಗೆ ಅವನ ಅಂಗಿ ಬೆನ್ನಿಗೆ ಅಂಟಿತ್ತು. ಓಣಿಯ ಹೆಂಗಸರು ಕಟ್ಟೆಯ ಮೇಲೆ ಕೂತು ಅವನ ಸುತ್ತುಗಳನ್ನು ನೋಡುತ್ತಿದ್ದರು.

“ಲೇ ಅಮಿತಾ, ಇಟ್ಟಂಗಿ ಹೊತ್ತು ಮನಿ ಕಟ್ಟಾಕತ್ತಿ ಏನೋ?” ಯಾರೋ ಕೂಗಿದರು.

ಮೂರನೆಯ ಸಲ ತೊಳೆಯುವಾಗ ಅವನು ನೀರು ಹನಿಸುತ್ತಿದ್ದ, ಅವಳು ಬೆರಳಿನಿಂದ ಗರಿ ಬಿಡಿಸುತ್ತಿದ್ದಳು. ತಲೆ ಎತ್ತದೆ ಕೇಳಿದಳು:

“ನಿಮ್ಮ ಶೆಡ್ಡಿನ್ಯಾಗ ಗೋಣಿಚೀಲ ಇರಲಿಲ್ಲೇನ್ರಿ?”

“ಇದ್ವು.”

“ಟಾವೆಲ್?”

“ಹೆಗಲ ಮ್ಯಾಲೇ ಇತ್ತು.”

“ಮತ್ತ ಸೀರಿ?”

ನೀರು ಹನಿಸುವ ಕೈ ನಿಂತಿತು. “ನೇಯಿಸಿ ಇಟ್ಟು ಆರು ತಿಂಗಳಾತ್ರಿ. ಬಣ್ಣ ನಾನ ಹಾಕೇನಿ. ತರಾಕ ಧೈರ್ಯ ಆಗಲಿಲ್ಲ. ಇವತ್ತ ಇದೊಂದು ನೆವ ಆತು. ಅದು ಸಾಯಾಕತ್ತಿತ್ತು, ನಾ ನೆವ ಹುಡುಕಿದ್ನಿ. ಬೈಯೂದಿದ್ರ ಬೈರಿ.”

ಅವಳು ಬೈಯಲಿಲ್ಲ. ಕಣ್ಣೆತ್ತಿ ಒಮ್ಮೆ ನೋಡಿದಳು. ಅವನ ಕಿವಿಯ ಅಂಚಿನಲ್ಲೂ ಬಣ್ಣ ಹತ್ತಿತ್ತು. ಅದನ್ನು ಒರೆಸಬೇಕೆನ್ನಿಸಿತು, ಬೆರಳು ಒದ್ದೆ ಗರಿಯಲ್ಲೇ ಉಳಿಯಿತು.

“ಇದು ಸತ್ತರ ಸೀರಿ ವಾಪಸ್ ಒಯ್ರಿ,” ಎಂದಳು. “ನನ್ನ ಕೈಯಾಗ ಇನ್ನೊಂದು ಜೀವ ಹೋಗೂದು ನಾ ನೋಡಂಗಿಲ್ಲ.”

ಅವಳ ಗಂಡ ಶಶಿಕಾಂತ ಮೂರು ವಾರ ಎದೆನೋವನ್ನು ಯಾರಿಗೂ ಹೇಳದೆ ಮುಚ್ಚಿಟ್ಟಿದ್ದ. ಬಾಗಲಕೋಟೆ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ಕಾರಿನ ಹಿಂದಿನ ಸೀಟಿನಲ್ಲಿ, ಅವಳ ತೊಡೆಯ ಮೇಲೆ ತಲೆಯಿಟ್ಟೇ ಹೋದ. ವಯಸ್ಸು ಮೂವತ್ನಾಲ್ಕು. ಅಮಿತನಿಗೆ ಅದು ಗೊತ್ತಿತ್ತು. ಇಟ್ಟಿಗೆ ತರಲು ಹೋದ.

ಬಣ್ಣ ಇಳಿಯುತ್ತ ಬಂತು. ಕೊಕ್ಕಿನ ತುದಿ ಹಳದಿ. ಕೊಕ್ಕಿನ ಬುಡದಲ್ಲಿ ಎರಡು ಕೆಂಪು ಬೊಟ್ಟು. ರೆಕ್ಕೆಯ ನಡುವೆ ಹಸಿರು ಪಟ್ಟಿ.

“ವರಟೆ!” ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. “ಅತ್ತಿ, ಇದು ವರಟೆ. ಸಾಕಿದ್ದಲ್ಲ, ಕಾಡುಬಾತು. ಕೊಂದ್ರ ಕೇಸ ಆಗತೈತಿ. ಬೀಳಗಿ ಹಿನ್ನೀರಿಂದ ಬಂದಿರಬೇಕು.”

“ಸಾರಿನ ಮಾತು ಹೋತಲ್ಲ,” ಎಂದು ಸಾವಕ್ಕ ಎದ್ದಳು.

ಅರಣ್ಯ ಇಲಾಖೆಗೆ ಅವಳೇ ಫೋನ್ ಮಾಡಿದಳು. ಗಾರ್ಡ್ ಮಹಾಲಿಂಗಪ್ಪ ಎಂಬವರು ನಾಲ್ಕಕ್ಕೆ ಬರುತ್ತೇನೆ, ಬೆಚ್ಚಗೆ ಇಡಿ, ನೀರಿಗೆ ಬಿಡಬೇಡಿ ಎಂದರು.

ಎರಡು ಗಂಟೆಗೆ ಹಕ್ಕಿಯ ಕತ್ತು ಡಬ್ಬಿಯ ಅಂಚಿಗೆ ಬಿತ್ತು. ಕಣ್ಣಿನ ಮೇಲೆ ತೆಳುಪೊರೆ ಬಂದು ನಿಂತಿತು. ನೇತ್ರಾ ಅದರ ಬಾಯಿಗೆ ನೀರು ಹನಿಸುತ್ತಿದ್ದ ಡ್ರಾಪರ್ ಕೆಳಗಿಟ್ಟಳು. ಕೈ ತೊಳೆದುಕೊಂಡಳು. ಒಳಗೆ ಹೋಗಿ ಸೀರೆ ತಂದು ಕಟ್ಟೆಯ ಮೇಲಿಟ್ಟಳು.

“ಆತು,” ಎಂದಳು. “ಒಯ್ರಿ.”

ಅಮಿತ ಆಗಷ್ಟೇ ಬಾಗಿಲು ದಾಟಿದ್ದ. ಸೀರೆಯನ್ನು ನೋಡಿದ, ಅವಳನ್ನು ನೋಡಿದ. ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಆರಿದ ಇಟ್ಟಿಗೆ ತೆಗೆದು ಬಿಸಿಯದನ್ನು ಒಳಗಿಟ್ಟ.

“ಆತು ಅಂದ್ನೆಲ್ರಿ.”

“ನಿಮಗ ಆತು. ಇಟ್ಟಂಗಿ ಇನ್ನೂ ಬಿಸಿ ಐತ್ರಿ.”

ಆಗ ಅವಳು ಅವನ ಅಂಗೈ ನೋಡಿದಳು. ಕಪ್ಪು ಬಣ್ಣದ ಕೆಳಗೆ ಬೊಬ್ಬೆಗಳೆದ್ದು ಒಡೆದಿದ್ದವು. ಈಚಿನ ಸುತ್ತುಗಳಲ್ಲಿ ಬಟ್ಟೆ ಸುತ್ತುವಷ್ಟೂ ತಡೆದಿರಲಿಲ್ಲ ಅವನು, ಬರಿಗೈಯಲ್ಲಿ ತಂದಿದ್ದ. ಮತ್ತೆ ಓಡಿದ. ಮತ್ತೆ ಬಂದ. ಅವಳು ಗೋಡೆಗೆ ಒರಗಿ ನಿಂತೇ ಇದ್ದಳು. ಮೂರನೆಯ ಸಲ ಬಂದಾಗ ಡ್ರಾಪರ್ ಅವಳ ಕೈಯಲ್ಲಿತ್ತು. ಕೊಕ್ಕಿನ ಅಂಚಿಗೆ ಒಂದು ಹನಿ ಇಟ್ಟಳು. ಇನ್ನೊಂದು ಹನಿ. ಗಂಟಲು ಮಿಸುಕಿತೇ ಎಂದು ಇಬ್ಬರೂ ಬಾಗಿದರು. ಹಣೆ ಹಣೆಗೆ ತಾಗಿತು. ಯಾರೂ ಹಿಂದೆ ಸರಿಯಲಿಲ್ಲ.

ಗಂಟಲು ಮಿಸುಕಿತು.

ಮೂರೂವರೆಗೆ ವರಟೆ ಕತ್ತೆತ್ತಿತು. ಬಾಲದ ಬುಡಕ್ಕೆ ಕೊಕ್ಕು ಉಜ್ಜಿ, ಅಲ್ಲಿಯ ಎಣ್ಣೆಯನ್ನು ಎದೆಯ ಗರಿಗೆ ಎಳೆಯಿತು. ಒಮ್ಮೆ. ಸುಸ್ತಾಗಿ ನಿಂತಿತು. ಇನ್ನೊಮ್ಮೆ.

ನೇತ್ರಾ ಅತ್ತಳು. ಹಿತ್ತಲಿನ ನೆಲದ ಮೇಲೆ ಕೂತು, ಬಾಯಿ ತೆರೆದು, ಸದ್ದು ಮಾಡಿ ಅತ್ತಳು. ಒಳಗಿದ್ದ ಲಕ್ಷ್ಮವ್ವ ಬಾಗಿಲವರೆಗೆ ಬಂದು ಅಲ್ಲೇ ಕೂತಳು, ಸುಮ್ಮನಿರು ಎನ್ನಲಿಲ್ಲ. ಅಮಿತ ಸುಟ್ಟ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದ.

ಮಹಾಲಿಂಗಪ್ಪ ಬಂದು ರೆಕ್ಕೆ ಬಿಡಿಸಿ ನೋಡಿದರು. “ಎರಡು ದಿನ ನೋಡಬೇಕ್ರಿ. ಗ್ಯಾರಂಟಿ ಕೊಡಾಕ ಬರಂಗಿಲ್ಲ.” ಡಬ್ಬಿಯನ್ನು ಜೀಪಿನಲ್ಲಿಟ್ಟುಕೊಂಡು ಬೀಳಗಿ ಕಡೆ ಹೊರಟರು. ಓಣಿಯ ತಿರುವಿನವರೆಗೆ ನೇತ್ರಾ ನಡೆದು ಹೋದಳು.

ಮರಳಿದಾಗ ಅಮಿತ ಚಪ್ಪಲಿ ಮೆಟ್ಟುತ್ತಿದ್ದ.

“ನಿಂದರ್ರಿ.” ಅವಳು ಮುಂದೆ ಬಂದಳು. ಕಟ್ಟೆಯ ಮೇಲೇ ಉಳಿದಿದ್ದ ಸೀರೆಯನ್ನು ಎತ್ತಿ ತೋಳಿಗೆ ಹಾಕಿಕೊಂಡಳು. “ನಿಮಗ ಏನರ ಬ್ಯಾನಿ ಐತೇನು? ಇದ್ರ ಈಗ ಹೇಳ್ರಿ. ಮುಚ್ಚಬ್ಯಾಡ್ರಿ.”

ಅವನು ಗಾಬರಿಯಾದ. “ನಮ್ಮಪ್ಪಗ ಸಕ್ಕರಿ ಬ್ಯಾನಿ ಐತ್ರಿ. ನಾ ಎಂದೂ ತೋರಿಸಿಲ್ಲ.”

“ಬಿ.ಪಿ.?”

“ಅದನ್ನೂ ತೋರಿಸಿಲ್ಲ.”

“ನಾಳೆ ಜಮಖಂಡಿಗೆ ಹೋಗ್ರಿ. ರಕ್ತ, ಇಸಿಜಿ, ಎಲ್ಲಾ ಮಾಡಿಸ್ರಿ.”

“ಮಾಡಿಸಿ?”

“ಮಾಡಿಸಿ...” ಅವಳು ಬಾಗಿಲ ಚೌಕಟ್ಟು ಹಿಡಿದಳು. “ಒಬ್ಬರ ಹೋಗಬ್ಯಾಡ್ರಿ. ಎಂಟರ ಬಸ್ಸಿಗೆ ನಾನೂ ಬರ್ತೇನಿ.”