ಉಲಿಪಟ್ಟಿ

ಐಶ್ವರ್ಯವ್ವನ ತೋರುಬೆರಳು ಹಲಗೆಯ ಮೇಲಿನ 'ಮ' ಅಕ್ಷರಕ್ಕೆ ಬಂದು ನಿಂತಿತು. ಉಂಗುರದೊಳಗಿನ ಪುಟ್ಟ ಕ್ಯಾಮೆರಾ ಅಕ್ಷರವನ್ನು ಗುರುತಿಸಿತು. ಕೊರಳಿಗೆ ಸುತ್ತಿದ್ದ ಪಟ್ಟಿಯಲ್ಲಿ ಹಸಿರು ದೀಪ ಹತ್ತಿತು. ತುಟಿಗಳು ಕೂಡಿದವು, ಗಂಟಲು ಗುಂಯ್ ಎಂದಿತು. ಬೆರಳು ಮುಂದಕ್ಕೆ ಸರಿದು 'ರ'ದ ಮೇಲೆ ಕೂತಿತು. ನಲವತ್ತಾರು ವರ್ಷದ ಹೆಂಗಸು ಎರಡನ್ನೂ ಕೂಡಿಸಿ ಗಟ್ಟಿಯಾಗಿ ಓದಿದಳು.

"ಮರ! ಮರಾನ ಅಲ್ರಿ ಅಕ್ಕಾರ?"

"ಹೌದ್ರಿ, ಮರಾನ" ಎಂದಳು ತೇಜಸ್ವಿನಿ.

ಗದಗ ಸೀಮೆಯಲ್ಲಿ ಶಾಲೆಯ ಶಿಕ್ಷಕಿಯನ್ನು ಹಾಗೆ ಅಕ್ಕಾರ ಎನ್ನುವುದು ವಾಡಿಕೆ. ತೇಜಸ್ವಿನಿ ಶಿಕ್ಷಕಿಯಲ್ಲ, ವಿಜ್ಞಾನಿ. ಮೊದಮೊದಲು ತಿದ್ದಿ ನೋಡಿ, ಆಮೇಲೆ ಕೈಬಿಟ್ಟಿದ್ದಳು.

ಅದು ಎರಡು ಸಾವಿರದ ಅರವತ್ತನಾಲ್ಕನೇ ಇಸವಿ. ಬಸ್ಸಿನ ಬೋರ್ಡಿನಿಂದ ಹಿಡಿದು ಮದುವೆಯ ಕರೆಯೋಲೆಯವರೆಗೆ ಎಲ್ಲವನ್ನೂ ಫೋನೇ ಓದಿ ಹೇಳುತ್ತಿದ್ದ ಕಾಲ. ಓದಲು ಬಾರದವರು ಎಷ್ಟು ಮಂದಿ ಎಂದು ಎಣಿಸುವುದನ್ನೂ ಸರಕಾರ ಬಿಟ್ಟುಬಿಟ್ಟಿತ್ತು. ಐಶ್ವರ್ಯವ್ವ ಊರಾಚೆಯ ಬಯಲಿನಲ್ಲಿ ಸೋಲಾರ್ ಫಲಕ ತೊಳೆಯುವವಳು. ಏಳನೇ ತರಗತಿಯವರೆಗೆ ಶಾಲೆಗೆ ಹೋಗಿದ್ದಳು. ವರ್ಷ ವರ್ಷ ಪಾಸು ಮಾಡಿ ಮುಂದಕ್ಕೆ ದಬ್ಬಿದ್ದರು. ಅಕ್ಷರವೊಂದೂ ಹತ್ತಿರಲಿಲ್ಲ.

ನಾವು ಮನಸ್ಸಿನಲ್ಲೇ ಓದಿಕೊಂಡರೂ ಗಂಟಲಿನ ಸ್ನಾಯುಗಳು ಅಕ್ಷರಕ್ಕೆ ತಕ್ಕಂತೆ ಸಣ್ಣಗೆ ಮಿಡಿಯುತ್ತವೆ. ಓದು ಹತ್ತದವರಲ್ಲಿ ಕಣ್ಣಿನಿಂದ ಗಂಟಲಿಗೆ ಆ ದಾರಿ ಬಿದ್ದಿರುವುದಿಲ್ಲ. ಕಂಡ ಅಕ್ಷರದ ದನಿಯನ್ನು ನಡುಕವಾಗಿ ಗಂಟಲಿಗೆ ದಾಟಿಸಿ ದಾರಿ ಹಾಕಿಕೊಡುವುದೇ ಉಲಿಪಟ್ಟಿಯ ಕೆಲಸ. ಅದಕ್ಕಾಗಿ ತೇಜಸ್ವಿನಿ ತನ್ನ ಯೌವನವನ್ನೇ ಸವೆಸಿದ್ದಳು.

ಪ್ರಯೋಗದಲ್ಲಿ ಒಂದು ಕಟ್ಟಳೆ ಇತ್ತು. ಔಷಧಿಯ ಪರೀಕ್ಷೆಯಲ್ಲಿ ಅರ್ಧ ಜನಕ್ಕೆ ಬರೀ ಸಕ್ಕರೆ ಗುಳಿಗೆ ಕೊಡುವ ಹಾಗೆ, ಇಲ್ಲಿ ಅರ್ಧ ಪಟ್ಟಿಗಳು ಮೂಕ. ದೀಪ ಹತ್ತುತ್ತದೆ, ನಡುಕವಿಲ್ಲ. ಯಾರ ಕೊರಳಿನಲ್ಲಿ ಯಾವುದಿದೆ ಎಂದು ಕೊನೆಯವರೆಗೆ ಯಾರಿಗೂ ತಿಳಿಯುವಂತಿಲ್ಲ. ತೇಜಸ್ವಿನಿಗೂ ತಿಳಿಯದು. ಎಲ್ಲರ ಪಕ್ಕದಲ್ಲೂ ಒಬ್ಬರು ಕೂತು, ಒಂದೊಂದು ಅಕ್ಷರದ ದನಿಯನ್ನು ತಾವು ಹೊರಡಿಸಿ ತೋರಿಸಿ, ದನಿಗೆ ದನಿ ಜೋಡಿಸಿ, ತಪ್ಪಿದರೆ ತಿದ್ದಬೇಕು. ಐಶ್ವರ್ಯವ್ವನ ಪಕ್ಕ ತೇಜಸ್ವಿನಿಯೇ ಕೂರುತ್ತಿದ್ದಳು.

"ನಂದು ಮೂಕ ಪಟ್ಟಿ ಅಲ್ಲ ಬಿಡ್ರಿ. ಗಂಟಲಾಗ ನಡುಗೂದು ನಂಗ ಗೊತ್ತಾಗತೈತಿ" ಎನ್ನುತ್ತಿದ್ದಳು ಆಕೆ.

ಕಾಗುಣಿತ ಮುಗಿದು ಒತ್ತಕ್ಷರ ಕೈಗೆ ಹತ್ತಿದ ದಿನ ಐಶ್ವರ್ಯವ್ವ ಹಲಗೆಯನ್ನು ತೇಜಸ್ವಿನಿಯ ಕಡೆ ಸರಿಸಿದಳು.

"ಇವತ್ತ ನಾ ಹೇಳಿದ್ದು ಬರೀರಿ. 'ಹೊರಗೆ ಹಚ್ಚಲು ಮಾತ್ರ'."

ತೇಜಸ್ವಿನಿ ಬರೆದಳು. ಬೆರಳು 'ಚ್ಚ'ದ ಮೇಲೆ ತಡವರಿಸಿತು, 'ತ್ರ'ದ ಮೇಲೆ ನಿಂತಿತು, ಕಡೆಗೂ ದಾಟಿತು. ಓದಿ ಮುಗಿಸಿದವಳು ಹಲಗೆಯಿಂದ ಕಣ್ಣು ಕೀಳಲಿಲ್ಲ.

"ನನ್ನ ಮಗಾ ಆರ್ಯನ್. ನಾಕ ವರ್ಷದಾಂವ. ಜ್ವರ ಬಂದಿತ್ತು. ಎರಡ ಬಾಟ್ಲಿ ಕೊಟ್ಟಿದ್ರು, ಒಂದು ಕುಡಸೂದು, ಒಂದು ಎದಿಗೆ ಹಚ್ಚೂದು. ಅವತ್ತ ಫೋನ್ ಸತ್ತಿತ್ತು. ನಾ ತಪ್ಪ ಬಾಟ್ಲಿ ಚಮಚಾಕ್ಕ ಸುರುವಿದೆ. ಬಾಟ್ಲಿ ಮ್ಯಾಲ ಏನ ಬರದಿತ್ತಂತ ಪೊಲೀಸರು ಆಮ್ಯಾಲ ಓದಿ ಹೇಳಿದ್ರು."

ತೇಜಸ್ವಿನಿ ಹಲಗೆಯ ಸಾಲನ್ನು ಒರೆಸಲು ಕೈ ಚಾಚಿದಳು. ಸಮಾಧಾನ ಹೇಳಿದವಳು ಐಶ್ವರ್ಯವ್ವನೇ.

"ಇಷ್ಟ ದಿನಾ ನಂದ ತಪ್ಪು, ನಾ ದಡ್ಡಿ ಅಂತ ಸಾಯ್ತಿದ್ದೆ. ಈಗ ತಿಳೀತು ನೋಡ್ರಿ. ಈ ಪಟ್ಟಿ ಆವಾಗ ಹುಟ್ಟೇ ಇರಲಿಲ್ಲ. ಇದ್ದಿದ್ರ ನಾ ಕಲೀತಿದ್ದೆ. ಹುಟ್ಟದ್ದಕ್ಕ ಯಾರನ್ನ ಬೈಲಿ? ಈಗ ರಾತ್ರಿ ನಿದ್ದಿ ಹತ್ತತೈತ್ರಿ."

ಮುಂದಿನ ತಿಂಗಳು, ಯಾರಿಗೆ ಯಾವ ಪಟ್ಟಿ ಎಂದು ತಿಳಿಸುವ ಗುಟ್ಟಿನ ಸಂಖ್ಯೆಗಳನ್ನು ಬಿಚ್ಚಿದರು. ಉಲಿಪಟ್ಟಿ ಕಟ್ಟಿಕೊಂಡವರು ಕಲಿತಿದ್ದರು. ಮೂಕ ಪಟ್ಟಿಯವರೂ ಅಷ್ಟೇ ಕಲಿತಿದ್ದರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗಾಗಿತ್ತು ತೇಜಸ್ವಿನಿಯ ಸಂಶೋಧನೆ. ಐಶ್ವರ್ಯವ್ವನ ಪಟ್ಟಿ ಮೂಕವಾಗಿತ್ತು. ಆಕೆಯ ಗಂಟಲಲ್ಲಿ ನಡುಗಿದ್ದು ಆಕೆಯದೇ ದನಿ.

ಫಲಿತಾಂಶವನ್ನು ಭಾಗವಹಿಸಿದವರಿಗೆ ತಿಳಿಸಲೇಬೇಕೆಂಬ ನಿಯಮವಿತ್ತು. ನಿಯಮಕ್ಕೇನು, ಸುಳ್ಳು ಹೇಳಿದರೆ ಯಾರೂ ಕೇಳುತ್ತಿರಲಿಲ್ಲ. ಐಶ್ವರ್ಯವ್ವನಿಗೆ ಪಟ್ಟಿಯೇ ಕಲಿಸಿತೆಂದು ಸುಳ್ಳು ಹೇಳಿಬಿಡಬೇಕೆಂದು ತೇಜಸ್ವಿನಿ ದಾರಿಯುದ್ದಕ್ಕೂ ಅಂದುಕೊಂಡೇ ಬಂದಳು. ಆದರೆ ಪಟ್ಟಿ ಬರುತ್ತದೆಂಬ ಭರವಸೆಯಲ್ಲಿ ಆ ವರ್ಷ ಒಂದನೇ ತರಗತಿಗಳಿಗೆ ಹೊಸ ಶಿಕ್ಷಕರನ್ನೇ ನೇಮಿಸಿರಲಿಲ್ಲ. ಈಗ ಸುಳ್ಳು ಹೇಳಿದರೆ ಅದು ಒಬ್ಬಳಿಗೆ ಹೇಳಿದ ಸುಳ್ಳಾಗಿ ಉಳಿಯುತ್ತಿರಲಿಲ್ಲ.

ತೇಜಸ್ವಿನಿ ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ಐಶ್ವರ್ಯವ್ವ ಕೊರಳ ಪಟ್ಟಿಯನ್ನು ಬಿಚ್ಚಿ ಮೇಜಿನ ಮೇಲಿಟ್ಟಳು.

"ಹಂಗಾರ ನಂಗ ಕಲಿಸಿದ್ದು ಯಾರ್ರಿ?"

"ನಾನು. ಬಾಜೂಕ ಕುಂತು ದನಿ ಹಚ್ಚಿ ಕೊಟ್ಟೆ. ನೀವು ಕಲತ್ರಿ."

"ಅಷ್ಟ?"

"ಅಷ್ಟರಿ."

"ನಂ ಸಾಲ್ಯಾಗೂ ಮಾಸ್ತರ ಇದ್ರು. ನಾಕ ಕ್ಲಾಸಿಗೆ ಒಬ್ರ. ಕಾಗುಣಿತ ಅನ್ರಿ ಅಂತ ಹೇಳಿ ಬ್ಯಾರೆ ಕ್ವಾಣಿಗೆ ಹೋಗ್ತಿದ್ರು. ಎಲ್ಲಾರೂ ಕೂಡಿ ಒದರತಿದ್ವಿ. ನಾನೂ ಒದರತಿದ್ದೆ. ಒಬ್ಬಾಕಿನ್ನ ಕರದು, ಓದ ನೋಡೂಣು ಅಂತ ಕೇಳಿದ್ರ..." ಬಿಚ್ಚಿಟ್ಟ ಪಟ್ಟಿಯನ್ನು ಅತ್ತ ಸರಿಸಿದಳು. "ಆವಾಗ ಆಗತಿತ್ತೇನ್ರಿ?"

"ಆಗತಿತ್ತು."

"ಯಂತ್ರ ಬೇಕಿರಲಿಲ್ಲ?"

"ಬೇಕಿರಲಿಲ್ರಿ."

ಐಶ್ವರ್ಯವ್ವ ಎದ್ದು ಸೆರಗು ಸರಿಮಾಡಿಕೊಂಡು, "ಹಂಗಾರ ನನ್ನ ಕೂಸು ಸುಮ್ಮ ಸತ್ತಿತಲ್ರಿ ಅಕ್ಕಾರ" ಎಂದಳು. ಬಾಗಿಲು ದಾಟಿ ಹೊರಟುಹೋದಳು.

ಐಶ್ವರ್ಯವ್ವ ಮೂರನೇ ತರಗತಿಯಲ್ಲಿದ್ದದ್ದು ಎರಡು ಸಾವಿರದ ಇಪ್ಪತ್ತಾರರಲ್ಲಿ. ಆ ಕೋಣೆಯಲ್ಲಿ ಮಕ್ಕಳು ಒಕ್ಕೊರಲಿನಿಂದ ಕಾಗುಣಿತ ಹೇಳುತ್ತಿದ್ದರು. ಕೊನೆಯ ಸಾಲಿನ ಹುಡುಗಿಯೊಬ್ಬಳು ಪುಸ್ತಕದ ಮೇಲೆ ಬೆರಳಾಡಿಸುತ್ತ, ಉಳಿದವರ ಬಾಯಿ ನೋಡಿಕೊಂಡು ತಾನೂ ಬಾಯಾಡಿಸುತ್ತಿದ್ದಳು. ಪಕ್ಕದ ಕೋಣೆಯಲ್ಲಿದ್ದ ಮಾಸ್ತರರಿಗೆ ಎಲ್ಲರಿಗೂ ಬರುತ್ತದೆ ಎಂದೇ ಕೇಳಿಸುತ್ತಿತ್ತು.