ಹೊಸ್ತಿಲಲ್ಲಿ ಬಿದ್ದ ಸೌತೆಕಾಯಿ

ಹನ್ನೊಂದನೆಯ ಸಲವೂ ಸೌತೆಕಾಯಿ ಕತ್ತಲೆಗೆ ಬಿತ್ತು. ಬೀಳುವಾಗ ಒಮ್ಮೆ ಬಿಕ್ಕಳಿಸಿತು. ಅದರ ಚಪ್ಪಲಿಗಳೆರಡು ಕ್ಷಣಕಾಲ ಗಾಳಿಯಲ್ಲೇ ನಿಂತು, ಆಮೇಲೆ ಅವೂ ಬಿದ್ದವು.

"ನಿಮ್ಮ ಸೌತೆಕಾಯಿಗೆ ಆಯಸ್ಸು ಗಟ್ಟಿ ಇಲ್ಲ ಕಣೇ ಸಬೀನಾ," ಎಂದು ಅವಳ ಕ್ಲಾಸಿನ ತಿಮೋನ್ ಕಂಟ್ರೋಲರ್ ಕೆಳಗಿಟ್ಟ.

ಸಬೀನಾಗೆ ನಗು ಬರಲಿಲ್ಲ. ಲುಬ್ಲಿನ್ ನಗರದ ಲೈಬ್ರರಿಯಲ್ಲಿ ಅಂದು ಊರವರೇ ಮಾಡಿದ ವಿಡಿಯೊ ಗೇಮ್‌ಗಳ ಪ್ರದರ್ಶನ. ಅವಳ ಅಣ್ಣ ಕೋಸ್ತೆಕ್ ಎರಡು ವರ್ಷ ಕೂತು ಈ ಆಟ ಕಟ್ಟಿದ್ದ, ಚಿತ್ರಗಳೆಲ್ಲ ಸಬೀನಾಳವು. ಅಜ್ಜಿಯ ಚಪ್ಪಲಿ ಮೆಟ್ಟಿದ ಉಪ್ಪುನೀರಲ್ಲಿ ನೆನೆಸಿದ ಸೌತೆಕಾಯಿಯೊಂದು ಜಾಮಿನ ಬಾಟಲಿ ಹೊತ್ತು, ಬಿಕ್ಕಳಿಸಿದಾಗಲೆಲ್ಲ ಎರಡಾಳೆತ್ತರ ನೆಗೆದು, ಲಿಫ್ಟ್ ಕೆಟ್ಟ ಅಪಾರ್ಟ್‌ಮೆಂಟಿನ ನಾಲ್ಕನೆಯ ಮಹಡಿಯ ಮುದುಕಿಗೆ ಅದನ್ನು ತಲುಪಿಸಬೇಕು. ಮಧ್ಯಾಹ್ನ ಮೂರು ಗಂಟೆಯೊಳಗೆ ಒಂದು ಮಗುವಾದರೂ ಕೊನೆ ಮುಟ್ಟಿದರೆ ಆಟವನ್ನು ದೊಡ್ಡ ಪರದೆಯ ಮೇಲೆ ತೋರಿಸುವುದಾಗಿ ಲೈಬ್ರರಿಯ ಹಲೀನಾ ಮೇಡಂ ಹೇಳಿದ್ದರು. ಆಗಲೇ ಎರಡೂವರೆ.

ಮೆಟ್ಟಿಲು, ಬೆಕ್ಕು, ಒಣಹಾಕಿದ ಕಾಲುಚೀಲಗಳ ಹಗ್ಗ ಎಲ್ಲವನ್ನೂ ಮಕ್ಕಳು ನಕ್ಕು ನಕ್ಕು ದಾಟುತ್ತಿದ್ದರು. ಸೋಲುತ್ತಿದ್ದುದು ಕೊನೆಯ ಬಾಗಿಲಲ್ಲಿ. ಬಾಗಿಲು ತೆರೆಯುತ್ತದೆ, ಮುದುಕಿಯ ಕೈ ಹೊರಗೆ ಚಾಚುತ್ತದೆ, ಹಸಿರು ಬಟನ್ ಒತ್ತಿ ಬಾಟಲಿ ಕೊಟ್ಟರೆ ಮುಗಿಯಿತು. ಆದರೆ ಎಲ್ಲರೂ ಸೌತೆಕಾಯಿಯನ್ನು ಹೊಸ್ತಿಲು ದಾಟಿಸಿ ಒಳಗೆ ನಡೆಸುತ್ತಿದ್ದರು. ಒಳಗೆ ಕೋಸ್ತೆಕ್ ನೆಲವನ್ನೇ ಹಾಕಿರಲಿಲ್ಲ.

"ಹಸು ಗಾತ್ರದ ಅಕ್ಷರದಲ್ಲಿ ಬರೆದಿದೀನಿ, ಹಸಿರು ಒತ್ತಿ ಅಂತ. ಓದೋದೇ ಇಲ್ವಲ್ಲ ಇವರು," ಎಂದು ಅವನು ಆ ಬಾಗಿಲನ್ನೇ ಕಿತ್ತುಹಾಕಲು ಹೊರಟ. ಒಂದು ಚಳಿಗಾಲವಿಡೀ ಸಬೀನಾ ಬಿಡಿಸಿದ ಬಾಗಿಲು ಅದು. ಅಜ್ಜಿಯ ಮನೆಯ ಬಾಗಿಲಿನದೇ ನೀಲಿ. ಸ್ವಲ್ಪ ತಡೆಯೆಂದು ಅವಳು ಅವನ ತೋಳು ಹಿಡಿದಳು.

ಅಷ್ಟರಲ್ಲಿ ಹಾಲ್‌ನ ಬಾಗಿಲಿಗೆ ಬಂದ ಬೇಕರಿಯ ಹೆಂಗಸು ಗಸಗಸೆ ಬನ್ನುಗಳ ತಟ್ಟೆಯನ್ನು ಹೊರಗಿನಿಂದಲೇ ಚಾಚಿದಳು. ತೆಗೆದುಕೊಳ್ಳಲು ಹೋದ ಹಲೀನಾ ಮೇಡಂ ಕೈ ತಟ್ಟನೆ ಹಿಂದಕ್ಕೆ ಸರಿಯಿತು.

"ಹೊಸ್ತಿಲ ಮೇಲೆ ಬೇಡಮ್ಮ, ಅಪಶಕುನ. ಒಳಗೆ ಬಂದು ಕೊಡು."

ಮರೆತೇ ಹೋಗಿತ್ತೆಂದು ನಗುತ್ತ ಬೇಕರಿಯವಳು ಒಳಗೆ ಬಂದಳು.

ಸಬೀನಾ ಆ ಎರಡು ಕೈಗಳನ್ನೇ ನೋಡುತ್ತಿದ್ದಳು.

"ಅಣ್ಣ, ಅವರು ಓದ್ತಾರೆ. ಓದಿದ್ರೂ ಕೊಡಲ್ಲ. ನೀನು ಅಜ್ಜಿಗೆ ಹೊಸ್ತಿಲಾಚೆ ನಿಂತು ಬಾಟ್ಲಿ ಕೊಡ್ತೀಯಾ?"

ಕೋಸ್ತೆಕ್ ಪರದೆಯ ಮೇಲಿನ ನೀಲಿ ಬಾಗಿಲಿನತ್ತ ತಿರುಗಿದ. ಅದೇ ಬಟನನ್ನು ಸಾವಿರ ಸಲ ಒತ್ತಿ ಒತ್ತಿ, ತಾನು ನಿಂತಿರುವುದು ಒಬ್ಬರ ಮನೆಯ ಬಾಗಿಲಲ್ಲಿ ಎಂಬುದೇ ಅವನಿಗೆ ಮರೆತುಹೋಗಿತ್ತು.

"ಕೊಟ್ರೆ ಅಜ್ಜಿ ಬೆನ್ನಿಗೆ ಬಾರಿಸ್ತಾಳೆ," ಎಂದ ಮೆಲ್ಲಗೆ.

ಅವನು ಲ್ಯಾಪ್‌ಟಾಪ್ ಎಳೆದುಕೊಂಡು ಆಟದ ಬಾಗಿಲಿನೊಳಗೆ ನೆಲ ಹಾಸಿದ. ಅವಳು ಅದರ ಮೇಲೆ ಅವಸರದಲ್ಲಿ ಒಂದು ಸೊಟ್ಟ ಕಂಬಳಿ ಬಿಡಿಸಿದಳು. ಗಡಿಯಾರದಲ್ಲಿ ಮೂರಕ್ಕೆ ಇನ್ನು ಎಂಟೇ ನಿಮಿಷ.

"ಮತ್ತೆ ಸಾಯ್ಸೋಕಾ ಕರೆದಿದ್ದು?" ಎನ್ನುತ್ತಲೇ ತಿಮೋನ್ ಬಂದು ಕೂತ. ಮಹಡಿ ಒಂದು, ಎರಡು, ಮೂರು. ನೀಲಿ ಬಾಗಿಲು ತೆರೆಯಿತು. ಮುದುಕಿಯ ಕೈ ಚಾಚಿತು. ತಿಮೋನ್ ಸೌತೆಕಾಯಿಯನ್ನು ಒಳಗೆ ನಡೆಸಿದ.

ಟಪ್, ಟಪ್. ಚಪ್ಪಲಿಗಳು ಕಂಬಳಿಯ ಮೇಲೆ ನಿಂತವು. ತಿಮೋನ್ ಹಸಿರು ಒತ್ತಿದ. ಸೌತೆಕಾಯಿ ಬಿಕ್ಕಳಿಸಿತು, ಬಾಟಲಿ ಚಿಮ್ಮಿ ಮುದುಕಿಯ ಕೈಗೆ ಬಿತ್ತು, ಮುದುಕಿಯೂ ಬಿಕ್ಕಳಿಸಿದಳು. ತಿಮೋನ್ ಕುರ್ಚಿಯ ಮೇಲೆ ಹತ್ತಿ ನಿಂತು ಕೂಗಿದ. ಕೋಸ್ತೆಕ್ ತಂಗಿಯನ್ನು ಎತ್ತಿ ತಿರುಗಿಸಿದ.

ನಾಲ್ಕು ಗಂಟೆಗೆ ಗೋಡೆಯಗಲದ ಪರದೆಯ ಮೇಲೆ ಸೌತೆಕಾಯಿ ಮೆಟ್ಟಿಲೇರಿತು. ಅದು ಬಿಕ್ಕಳಿಸಿದಾಗಲೆಲ್ಲ ಹಾಲ್‌ಗೆ ಹಾಲೇ ಬಿಕ್ಕಳಿಸಿತು.

ಸಂಜೆ ಸಬೀನಾಳ ಮನೆಯ ಬೆಲ್ ಹೊಡೆಯಿತು. ಅವಳು ಲೈಬ್ರರಿಯಲ್ಲಿ ಮರೆತ ಬಣ್ಣದ ಪೆನ್ಸಿಲ್‌ಗಳ ಡಬ್ಬಿ ಹಿಡಿದು ತಿಮೋನ್ ಹೊರಗೆ ನಿಂತಿದ್ದ. ಅವಳು ಕೈ ಚಾಚಿದವಳು, ಇಬ್ಬರ ನಡುವಿನ ಮರದ ಪಟ್ಟಿಯನ್ನು ಕಂಡು ಕೈ ಹಿಂದಕ್ಕೆಳೆದುಕೊಂಡಳು. ಹನ್ನೊಂದು ಸಲ ಬಿದ್ದ ಸೌತೆಕಾಯಿ ನೆನಪಾಯಿತು.

ಅವಳು ಬದಿಗೆ ಸರಿದು ನಿಂತಳು.

"ಒಳಗೆ ಬಾ."

ತಿಮೋನ್ ಕಾಲಿಟ್ಟ. ನೆಲವಿತ್ತು.