ಐದನೆಯ ಸುತ್ತಿನ ತೇಪೆ

ಲೈಲ್ ಬ್ರಾಕೆಟ್ ಕದ್ದದ್ದು ಬರೀ ಕೆಸರನ್ನು. ಹಾಗೆಂದು ಅವನೇ ಊಟದ ಕೋಣೆಯಲ್ಲಿ ಎಲ್ಲರೆದುರು ಹೇಳಿದ.

“ಆರಿನ್ ಬೇಜಾರು ಮಾಡ್ಕೊಂಡಿದಾನಂತೆ ಕಣ್ರೋ. ವರದೀಲಿ ಕೆಸರು ತಂದ್ಕೊಟ್ಟೋನ ಹೆಸರೂ ಹಾಕ್ಬೇಕಿತ್ತಂತೆ. ಹಂಗಾದ್ರೆ ಗುದ್ದಲಿ ಹೆಸರೂ ಹಾಕ್ಬೇಕಲ್ಲ?”

ಎಲ್ಲರೂ ನಕ್ಕರು. ಆರಿನ್ ಟ್ವೆಟ್ ಕೂಡ ನಕ್ಕು, ತಟ್ಟೆಯಲ್ಲಿದ್ದ ಸೇಬಿನ ಪೈಯನ್ನು ಕೊನೆಯ ಚೂರಿನವರೆಗೂ ತಿಂದ. ಬ್ರಾಕೆಟ್‌ನನ್ನು ಕೊಲ್ಲಬೇಕೆಂದು ಅವನು ತೀರ್ಮಾನಿಸಿದ್ದು ಆ ಪೈ ಮುಗಿಯುವುದರೊಳಗೆ.

ಅದು ೧೯೫೯ರ ಶರತ್ಕಾಲ. ಇಲಿನಾಯ್ ಬಯಲಿನ ಜೋಳದ ಹೊಲಗಳ ನಡುವೆ ಸರ್ಕಾರ ಎಲ್ಲಿಗೂ ಹೋಗದ ರಸ್ತೆಗಳನ್ನು ಹಾಕಿಸಿತ್ತು. ಒಂದೊಂದೂ ಒಂದು ಸುತ್ತು. ಕಾಂಕ್ರೀಟ್ ದಿಮ್ಮಿ ಹೇರಿದ ಲಾರಿಗಳನ್ನು ಸೈನಿಕರು ಅವುಗಳ ಮೇಲೆ ಬಿಡುವಿಲ್ಲದೆ ಸುತ್ತಿಸುತ್ತಿದ್ದರು. ಎಷ್ಟು ದಪ್ಪದ ರಸ್ತೆ ಎಷ್ಟು ಭಾರಕ್ಕೆ ಸಾಯುತ್ತದೆಂದು ತಿಳಿಯುವುದೇ ಅಲ್ಲಿನ ಕೆಲಸ. ಆರಿನ್ ಮಣ್ಣಿನ ಎಂಜಿನಿಯರು. ರಸ್ತೆಯನ್ನು ಕೊಲ್ಲುವುದು ಲಾರಿಯ ಭಾರವಲ್ಲ, ಚಳಿಗಾಲ ಕಳೆದು ತಳದ ಮಂಜುಗಡ್ಡೆ ಕರಗಿ, ನೀರು ಹೋಗಲು ದಾರಿಯಿಲ್ಲದೆ ಜೇಡಿಮಣ್ಣು ಅಂಬಲಿಯಾಗುವ ಆ ಕೆಲವು ವಾರಗಳು ಎಂದು ಕಂಡುಕೊಂಡವನು ಅವನು. ಹೆಪ್ಪುಗಟ್ಟಿದ ಗುಂಡಿಗಳಲ್ಲಿ ಮೊಣಕಾಲೂರಿ ಬೆರಳುಗಳ ಸ್ಪರ್ಶವನ್ನೇ ಕಳೆದುಕೊಂಡಿದ್ದ. ಜೊತೆಯ ಎಂಜಿನಿಯರು ಬ್ರಾಕೆಟ್ ಆ ಸಂಶೋಧನೆಯನ್ನು ವಾಷಿಂಗ್ಟನ್ನಿನಲ್ಲಿ ತನ್ನದೆಂದು ಓದಿ ಚಪ್ಪಾಳೆ ಗಿಟ್ಟಿಸಿ ಬಂದ. ಹೊಸ ಪ್ರಯೋಗಾಲಯದ ಮುಖ್ಯಸ್ಥಿಕೆಯೂ ಅವನಿಗೇ. ಆರಿನ್ ಅವನ ಕೈಕೆಳಗೆ.

ಕೊಲ್ಲುವುದು ಸುಲಭ, ಹೆಣವೇ ತೊಂದರೆ. ನದಿಗೆ ಹಾಕಿದರೆ ತೇಲುತ್ತದೆ, ಹೊಲದಲ್ಲಿ ಹೂತರೆ ನೇಗಿಲಿಗೆ ಸಿಗುತ್ತದೆ. ಆರಿನ್ನನಿಗೆ ಇದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ಐದನೆಯ ಸುತ್ತಿನ ಒಂದು ತುಂಡು ಆ ವಾರವಷ್ಟೇ ಕುಸಿದು ಸತ್ತಿತ್ತು. ಸತ್ತ ತುಂಡಿಗೆ ಪ್ರಯೋಗದಲ್ಲಿ ಜಾಗವಿಲ್ಲ. ಅದನ್ನು ಅಗೆದು ತೇಪೆ ಹಾಕುತ್ತಾರೆ, ಲಾರಿಗಳು ಓಡಲೆಂದು, ಅಷ್ಟೆ. ತೇಪೆಯನ್ನು ಯಾರೂ ಅಳೆಯುವುದಿಲ್ಲ. ಅದು ಮತ್ತೆ ಕುಸಿದರೆ ಮೇಲೊಂದಿಷ್ಟು ಡಾಂಬರು ಸುರಿಯುತ್ತಾರೆ. ಪ್ರಯೋಗ ಮುಗಿದ ಮೇಲೆ ಅದರ ಮೇಲೆಯೇ ದೇಶದ ಹೆದ್ದಾರಿ ಬರುತ್ತದೆ. ಬ್ರಾಕೆಟ್‌ಗೆ ಅಂಥ ಸಮಾಧಿಯನ್ನು ಅವನ ಅಪ್ಪನೂ ಕಟ್ಟಿಸಲಾರ.

ಭಾನುವಾರ ಲಾರಿಗಳು ನಿಂತಿದ್ದವು. ಅಗೆದ ಗುಂಡಿ ಬಾಯಿ ತೆರೆದುಕೊಂಡಿತ್ತು. ಜಲ್ಲಿ ತುಂಬುವವರು ಬರುವುದು ಮರುದಿನ. ಆರಿನ್ ರಜೆಯ ದಿನವೂ ಮಣ್ಣು ಕೆದಕುವುದು ಎಲ್ಲರಿಗೂ ಗೊತ್ತಿದ್ದ ಹುಚ್ಚು. ಊರಿನಿಂದ ಬಸ್ಸಿನಲ್ಲಿ ಬಂದು ಬೆಳಗಿನಿಂದ ಗುಂಡಿಯ ತಳವನ್ನು ಇನ್ನಷ್ಟು ಆಳಕ್ಕೆ, ಮನುಷ್ಯನ ಉದ್ದಕ್ಕೆ ತೋಡಿ, ಮಧ್ಯಾಹ್ನ ಬ್ರಾಕೆಟ್‌ಗೆ ಫೋನು ಮಾಡಿದ. “ನಿನ್ನ ಲೆಕ್ಕ ತಪ್ಪಿದೆ. ವಾಷಿಂಗ್ಟನ್ನಿನೋರು ನೋಡೋ ಮೊದ್ಲು ನೀನು ನೋಡು. ಯಾರಿಗೂ ಹೇಳ್ದೆ ಬಾ.”

ಬ್ರಾಕೆಟ್ ಚರ್ಚಿನ ಕೋಟಿನಲ್ಲೇ ಕಾರು ಓಡಿಸಿಕೊಂಡು ಬಂದ.

“ಎಲ್ಲಯ್ಯಾ ತಪ್ಪು? ತೋರ್ಸು ಬೇಗ, ಕೋಳಿ ಹುರಿಯೋಕಿಟ್ಟು ಬಂದಿದೀನಿ.”

“ತಳದಲ್ಲಿ. ಬಗ್ಗಿ ನೋಡು.”

“ಶೂ ಹಾಳಾಗುತ್ತೆ ಕಣೋ.”

“ಕೆಸರು ನಿನ್ದೇ ಅಲ್ವಾ? ನಾಚ್ಕೆ ಯಾಕೆ?”

ಬ್ರಾಕೆಟ್ ನಗುತ್ತಾ ಬಗ್ಗಿದ. ಮಣ್ಣನ್ನು ಬಡಿದು ಗಟ್ಟಿಯಾಗಿ ದಮ್ಮಸು ಮಾಡುವ ಕಬ್ಬಿಣ ಅವನ ಹಿಂದಲೆಗೆ ಬಿತ್ತು. ಅವನು ಗುಂಡಿಯಲ್ಲಿ ಬೋರಲಾಗಿ ಬಿದ್ದು, ಬಾಯಿಗೆ ಮೆತ್ತಿದ ಮಣ್ಣನ್ನು ಉಗುಳುತ್ತಾ ಏನೋ ಹೇಳಲು ನೋಡಿದ. ಆರಿನ್ ತಾಳ್ಮೆಯಿಂದ ಕಾದ. ಆಮೇಲೆ ಇನ್ನೊಂದು ಏಟು ಕೊಟ್ಟ. ಮೊದಲನೆಯದಕ್ಕಿಂತ ಎರಡನೆಯದು ಅವನಿಗೆ ಹೆಚ್ಚು ಹಿತವಾಯಿತು.

ಹೆಣವನ್ನು ಅಂಗಾತ ಮಲಗಿಸಿ, ಮಣ್ಣು ಮುಚ್ಚಿ, ಪೆಟ್ರೋಲ್ ಯಂತ್ರದಿಂದ ಪದರ ಪದರವಾಗಿ ದಮ್ಮಸು ಮಾಡಿದ. ಮಿಕ್ಕ ಮಣ್ಣನ್ನು ಪಕ್ಕದ ರಾಶಿಗೆ ಎಸೆದ. ಕಾರನ್ನು ಊರಿನ ರೈಲು ನಿಲ್ದಾಣದೆದುರು ಬಿಟ್ಟು, ನಡೆದು ಮನೆ ಸೇರಿ, ಬೂಟು ತೊಳೆದ. ಮರುದಿನ ಕೆಲಸದವರು ಜಲ್ಲಿ ತುಂಬಿ ಡಾಂಬರು ಹಾಕುವಾಗ ತಳವನ್ನು ತಾನೇ ದಮ್ಮಸು ಮಾಡಿದ್ದೇನೆಂದು ಹೇಳಿ, ಪಕ್ಕದಲ್ಲೇ ನಿಂತು ಕಾಫಿ ಕುಡಿದ.

ಬ್ರಾಕೆಟ್‌ನ ಹೆಂಡತಿ ನಡೀನ್‌ಳನ್ನು ಸಮಾಧಾನಪಡಿಸಲು ಮೊದಲು ಹೋದವನೂ ಅವನೇ.

“ನಿಜ ಹೇಳಿ, ಟ್ವೆಟ್ ಅವ್ರೇ. ನಿಮ್ಗೇನಾದ್ರೂ ಗೊತ್ತಾ?” ಎಂದಳು ಅವಳು.

ಆರಿನ್ ಟೋಪಿಯ ಅಂಚು ತಿರುವಿದ. “ಬೇಡಮ್ಮ, ನನ್ ಬಾಯಲ್ಲಿ ಬರ್ಬಾರ್ದು,” ಎಂದ. ಅವಳು ಕೈ ಹಿಡಿದು ಬೇಡಿಕೊಂಡ ಮೇಲೆ, ಶಿಕಾಗೋದಲ್ಲಿ ಒಬ್ಬಳು ಇದ್ದಳೆಂದು, ಸುಂದರಿಯೆಂದು, ಚಿಕ್ಕ ಪ್ರಾಯದವಳೆಂದು ಹೇಳಿದ. ಅಂಥವಳು ಯಾರೂ ಇರಲಿಲ್ಲ. ನಡೀನ್ ಮದುವೆಯ ಫೋಟೋ ಗೋಡೆಯಿಂದ ತೆಗೆದದ್ದನ್ನು ನೋಡಿಯೇ ಎದ್ದು ಬಂದ. ಪೊಲೀಸರಿಗೆ ಅವಳೇ ಶಿಕಾಗೋ ಕತೆ ಹೇಳಿದಳು. ಹೆಂಡತಿಯೇ ಹೇಳಿದ ಮೇಲೆ ಅವರು ಹುಡುಕುವುದನ್ನು ಬಿಟ್ಟರು.

ಚಳಿಗಾಲವಿಡೀ ಆರಿನ್ ಊಟದ ಡಬ್ಬಿ ಹಿಡಿದು ಐದನೆಯ ಸುತ್ತಿನ ಬದಿಗೆ ಬಂದು ಕೂರುತ್ತಿದ್ದ. ತುಂಬಿದ ಲಾರಿಗಳು ಬ್ರಾಕೆಟ್‌ನ ಎದೆಯ ಮೇಲೆ ಹಾದುಹೋಗುತ್ತಿದ್ದವು. ಹಿಂದೆಂದಾದರೂ ಊಟ ಅಷ್ಟು ರುಚಿಸಿದ್ದು ಅವನಿಗೆ ನೆನಪಿರಲಿಲ್ಲ.

ಮಾರ್ಚಿನಲ್ಲಿ ನೆಲ ಕರಗಿತು. ಆರಿನ್ ಹೇಳಿದಂತೆಯೇ ಆಯಿತು: ಒಂದು ವಾರದಲ್ಲಿ ಐದನೆಯ ಸುತ್ತು ಉದ್ದಕ್ಕೂ ಬಿರಿಯಿತು, ಬಿರುಕುಗಳಿಂದ ಕೆಸರು ಚಿಮ್ಮಿತು, ಹಳೆಯ ತೇಪೆಗಳೆಲ್ಲ ಮುಳುಗಿದವು. ಸತ್ತವನ ಮೇಲಿನ ತೇಪೆಯೂ ಅವುಗಳ ಜೊತೆ ಮುಳುಗುತ್ತದೆ, ಮೇಲೆ ಇನ್ನಷ್ಟು ಡಾಂಬರು ಬೀಳುತ್ತದೆ ಎಂದು ಅವನು ಅದನ್ನು ನೋಡಲೂ ಹೋಗದೆ ಕೋಣೆಯಲ್ಲಿ ಕುಳಿತು ಹೊಸ ವರದಿ ಬರೆಯುತ್ತಿದ್ದ, ತನ್ನೊಬ್ಬನ ಹೆಸರಿನಲ್ಲಿ.

ಒಂದು ಬೆಳಿಗ್ಗೆ ಇಡೀ ಪ್ರಯೋಗದ ಮುಖ್ಯಸ್ಥ, ಮುದುಕ ಹಾಲಿಸ್ ಕೇಡಿ ಬಾಗಿಲು ತಟ್ಟಿದ. ಒಳ್ಳೆಯ ಮನುಷ್ಯ, ಗಟ್ಟಿ ದನಿ.

“ಏಳಯ್ಯಾ, ಜೀಪು ಹತ್ತು. ವಾಷಿಂಗ್ಟನ್ನಿನೋರು ಬಂದಿದಾರೆ. ಈ ಸಲ ಫೋಟೋದಲ್ಲಿ ನೀನೇ ಇರ್ಬೇಕು.”

“ಎಲ್ಲಿಗೆ ಸಾರ್?”

“ಐದಕ್ಕೆ. ಇಡೀ ಸುತ್ತೇ ಗಂಜಿಯಾಗಿದೆ, ಒಂದು ತೇಪೆ ಮಾತ್ರ ಕೂದಲೆಳೆಯಷ್ಟೂ ಅಲ್ಲಾಡಿಲ್ಲ. ಲಾರಿ ಹುಡುಗ್ರು ಅಲ್ಲಿ ಬಂದಾಗ್ಲೇ ಸಿಗರೇಟು ಹಚ್ಕೋತಾರಂತೆ, ಮಿಕ್ಕ ಕಡೆ ಕುಲುಕಾಟಕ್ಕೆ ಬೆಂಕಿಕಡ್ಡಿ ನಿಲ್ಲೋದೇ ಇಲ್ವಂತೆ.”

ಆರಿನ್ ಕುರ್ಚಿಯಿಂದ ಏಳಲಿಲ್ಲ. “ತೇಪೆ ಪ್ರಯೋಗಕ್ಕೆ ಸೇರಲ್ಲ, ಸಾರ್. ಬಿಟ್ಬಿಡಿ.”

“ಬಿಡೋದಾ? ಇಡೀ ದೇಶಕ್ಕೆ ಬೇಕಾಗಿರೋದು ಅದೇ ಕಣಯ್ಯಾ! ತಳ ನೀನೇ ದಮ್ಮಸು ಮಾಡಿದ್ದೆ ಅಂತ ಕೆಲಸದೋರು ಹೇಳಿದ್ರು. ಗುಟ್ಟಾಗಿ ಏನ್ ಮಾಡಿದ್ಯೋ, ಇವತ್ತು ಆಚೆಗೆ ಬರ್ಲಿ.”

ಅವರು ತಲುಪುವ ಹೊತ್ತಿಗೆ ಡಾಂಬರು ಎತ್ತಿಯಾಗಿತ್ತು, ಜಲ್ಲಿ ಬಾಚಿಯಾಗಿತ್ತು. ಟೋಪಿ ಹಾಕಿದ ವಾಷಿಂಗ್ಟನ್ನಿನವರು ಅಂಚಿನಲ್ಲಿ ನಿಂತಿದ್ದರು, ಫೋಟೋದವನು ಕ್ಯಾಮೆರಾ ಸರಿಮಾಡಿಕೊಳ್ಳುತ್ತಿದ್ದ. ಗುಂಡಿಯಲ್ಲಿ ಪಿಕಾಸಿ ಬಿದ್ದಾಗ ಕಲ್ಲಿನ ಮೇಲೆ ಬಿದ್ದಂತೆ ಠಣ್ಣೆಂದಿತು. ಕೇಡಿ ಮೊಣಕಾಲೂರಿ ಒಂದು ಹೆಂಟೆ ಎತ್ತಿಕೊಂಡು ಮುರಿಯಲು ನೋಡಿದ, ಅದು ಮುರಿಯಲಿಲ್ಲ. ಒಳಗೆ ಬಿಳಿ ಗೆರೆಗಳು. “ಸುಣ್ಣ! ಜೇಡಿಗೆ ಸುಣ್ಣ ಕಲ್ಸಿದಾನೆ, ನೋಡ್ರಯ್ಯಾ! ತಳದವರ್ಗೂ ಅಗೀರಿ!” ಎಂದು ಮುದುಕ ಆನಂದದಿಂದ ಕೂಗಿದ. ಆ ಭಾನುವಾರ ನಾಯಿಗಳು ಮೂಸಬಾರದೆಂದು ಆರಿನ್ ಸೈನಿಕರ ಪಾಯಿಖಾನೆಯ ಉಗ್ರಾಣದಿಂದ ಸುಣ್ಣದ ಚೀಲಗಳನ್ನು ತಂದು ಹೆಣದ ಮೇಲೂ ಮಣ್ಣಿನಲ್ಲೂ ಧಾರಾಳವಾಗಿ ಸುರಿದಿದ್ದ. ಆ ಹೊತ್ತಿಗೆ ಅದು ಅವನ ಕಣ್ಣಿಗೆ ನಾತ ಅಡಗಿಸುವ ಪುಡಿಯಾಗಿತ್ತು, ಬೇರೇನೂ ಅಲ್ಲ. ಸುಣ್ಣ ಸೇರಿದ ಜೇಡಿ ಕರಗದೆ ಕಲ್ಲಾಗುತ್ತದೆಂದು ವರ್ಷವರ್ಷವೂ ಹೊಸ ಎಂಜಿನಿಯರುಗಳಿಗೆ ಪಾಠ ಹೇಳುತ್ತಿದ್ದವನು ಅವನೇ.